ಗೋಡೆಗೇರಿದ ಚಂದ್ರವ್ವ

“ಆ ಗ್ವಾಡಿಗೆ ಬ್ಯಾಡ! ಅಲ್ಲಿ ಬರೇ ತೀರಿಕೊಂಡವರ ಅದಾರ” ಎಂದು ಸಿದ್ದಲಿಂಗಪ್ಪ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ವಡಾಲದ ಆ ಮನೆಯಲ್ಲಿ ಚಿತ್ರ ತೂಗುಹಾಕಲು ಜಾಗವಿದ್ದದ್ದೇ ಒಂದು ಗೋಡೆ. ಉಳಿದದ್ದನ್ನೆಲ್ಲ ಕಪಾಟು, ಫ್ರಿಜ್ಜು ನುಂಗಿದ್ದವು. ಅಲ್ಲಿ ಅವನ ಅಪ್ಪ, ಅವ್ವ, ಅಜ್ಜಿ ಫೋಟೋಗಳೊಳಗೆ ಗಂಧದ ಹಾರ ಹಾಕಿಕೊಂಡು ಸಾಲಾಗಿ ಕುಳಿತಿದ್ದರು. ಬದುಕಿದ್ದಾಗ ಆ ಹೆಂಗಸರ ಕೊರಳಿಗೆ ಮದುವೆಯ ದಿನ ಬಿಟ್ಟರೆ ಯಾರೂ ಹಾರ ಹಾಕಿರಲಿಲ್ಲ ಎನ್ನುವುದು ಬೇರೆ ಮಾತು.

ಈಗ ಅವನ ಹೆಂಡತಿ ಚಂದ್ರವ್ವನ ಚಿತ್ರ ಬಂದಿತ್ತು, ಕಿಟಕಿಯಷ್ಟು ದೊಡ್ಡದು. ಬರೆದವಳು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಘಾನಾ ದೇಶದ ಅಬೆನಾ. ತನ್ನೂರಿನ ಹೆಂಗಸರನ್ನು ಅವರವರ ಉಡುಗೆಯಲ್ಲೇ ಬರೆಯುವವಳು, ಲಿಫ್ಟಿನಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು ನಿಂತ ಚಂದ್ರವ್ವನನ್ನು ಕಂಡು ಬೆನ್ನು ಬಿಟ್ಟಿರಲಿಲ್ಲ. ನಾಳೆ ಊರಿಗೆ ಹೊರಟವಳು ಚಿತ್ರವನ್ನು ಅವಳಿಗೇ ತಂದುಕೊಟ್ಟಿದ್ದಳು.

ಸ್ಟುಡಿಯೋದವರು ಯಾವಾಗಲೂ ಚಂದ್ರವ್ವನನ್ನು ಬೆಳ್ಳಗೆ ಮಾಡಿ ಕೊಡುತ್ತಿದ್ದರು. ಅಬೆನಾ ಕಪ್ಪನ್ನು ಕಪ್ಪಾಗಿಯೇ ಬರೆದಿದ್ದಳು. ಒಳಗೊಳಗೇ ನೀಲಿ, ಕಂದು ಸೇರಿ ಮುಖ ಹೊಳೆಯುತ್ತಿತ್ತು.

“ನಾ ಇಷ್ಟ ಚಂದ ಅದೀನಂತ ಯಾರೂ ಹೇಳಿರ್ಲಿಲ್ಲ” ಎನ್ನುತ್ತ ಚಂದ್ರವ್ವ ಕಣ್ಣೊರೆಸಿಕೊಂಡಳು. “ಸತ್ತಮ್ಯಾಲ ಹಾಕಿದ್ರ ನಾ ಹೆಂಗ ನೋಡ್ಲಿ? ಈಗ ಹಾಕ್ರಿ.”

“ಅಪಶಕುನ ಆಗತೈತಿ. ನಿನಗ ಏನರ ಆದ್ರ ನಾ ಏನ್ ಮಾಡ್ಲಿ?”

ಅದು ಹಟವಲ್ಲ, ಹೆದರಿಕೆ. ಮಗಳು ಸೌಮ್ಯಾ ಇದನ್ನೆಲ್ಲ ಇಂಗ್ಲಿಷಿನಲ್ಲಿ ತಿಳಿಸಿದಾಗ ಬಾಗಿಲಲ್ಲಿ ನಿಂತಿದ್ದ ಅಬೆನಾ ಜೋರಾಗಿ ನಕ್ಕು ಏನೋ ಹೇಳಿದಳು.

“ಪಪ್ಪಾ, ಅಬೆನಾನ ಮಮ್ಮಿ ತನ್ನ ಪೇಂಟಿಂಗ್ ಕೆಳಗ ಕುಂತು ಡೇಲಿ ಊಟಾ ಮಾಡ್ತಾರಂತ” ಎಂದಳು ಸೌಮ್ಯಾ. “ಏಜ್ ಎಂಬತ್ತು. ಏಕದಮ್ ಫಿಟ್!”

ಸಿದ್ದಲಿಂಗಪ್ಪ ಚಿತ್ರವನ್ನು ನೋಡಿದ, ಹೆಂಡತಿಯನ್ನು ನೋಡಿದ. ಸ್ಟೂಲು ಹತ್ತಿ, ಹಿರಿಯರಿಂದ ತುಸು ದೂರದಲ್ಲಿ ಮೊಳೆ ಹೊಡೆದ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಎಂದಿನಂತೆ ಅಪ್ಪನಿಗೆ, ಅವ್ವನಿಗೆ, ಅಜ್ಜಿಗೆ ಹೂ ಏರಿಸುತ್ತ ಬಂದವನ ಕೈ ರೂಢಿಯ ಭರದಲ್ಲಿ ಚಂದ್ರವ್ವನ ಚಿತ್ರದತ್ತಲೂ ಚಾಚಿ, ಗಕ್ಕನೆ ನಿಂತಿತು. ಆ ಹೂ ಹಿಡಿದುಕೊಂಡೇ ಅಡುಗೆಮನೆಗೆ ಹೋದ. ರೊಟ್ಟಿ ತಟ್ಟುತ್ತಿದ್ದವಳ ಸೆರಗು ಸರಿಸಿ ತುರುಬಿಗೆ ಸಿಕ್ಕಿಸಿದ.

“ಅಯ್ಯ, ಏನ್ರಿ ಇದು? ಮಗಳ ಅದಾಳ ಮನ್ಯಾಗ!”

“ಇರಲೇಳು.”

ಚಂದ್ರವ್ವನ ಕೈತುಂಬ ಹಿಟ್ಟು. ಹೂವನ್ನು ಮುಟ್ಟಿ ನೋಡಿಕೊಳ್ಳಲೂ ಆಗದೆ, ಅದು ಬಿದ್ದೀತೆಂದು ಕತ್ತು ನೆಟ್ಟಗೆ ಹಿಡಿದು ಅವಳು ರೊಟ್ಟಿ ತಟ್ಟತೊಡಗಿದಳು.