ಎಡಕ್ಕೆ ಮುಕ್ಕಾಲು ಹೆಜ್ಜೆ

ಲಿಫ್ಟ್ ಕೆಟ್ಟಿದೆ, ಕ್ಷಮಿಸಿ — ಈ ಊರಲ್ಲಿ ಕ್ಷಮೆಯನ್ನೂ ಕಾಗದದಲ್ಲಿ ಬರೆದು ಅಂಟಿಸುತ್ತಾರೆ, ಬಾಯಿಬಿಟ್ಟು ಕೇಳುವವರು ಯಾರೂ ಇಲ್ಲ, ಇರಲಿ, ನೃತ್ಯಶಾಲೆ ಇರುವುದು ಮೂರನೇ ಮಹಡಿ, ಮೂರೇ ತಾನೆ, ಹತ್ತೊಂಬತ್ತು ವರ್ಷ ಹುಡುಗಿಯರಿಗೆ ಕುಣಿತ ಕಲಿಸಿದ ಕಾಲಿಗೆ ಇದು ಯಾವ ಮಹಾ, ಆದರೂ ಮಂಡಿ ಚುರ್ ಎನ್ನುತ್ತಿದೆ, ಐದು ತಿಂಗಳಿಂದ ಕುಣಿದಿಲ್ಲವಲ್ಲ, ಗಂಡನಿಗೆ ವರ್ಗವಾಗಿ ಇಲ್ಲಿಗೆ ಬಂದು ಐದು ತಿಂಗಳು, ಮನೇಲೇ ಕುಣ್ಕೋ ಯಾರು ಬೇಡ ಅಂದ್ರು ಅಂದರು ಇವರು, ಕುಣಿದೆ, ಮೊದಲ ದಿನವೇ ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಸೂರು ಕುಟ್ಟಿದಳು, ನನ್ನ ತಾಳಕ್ಕೆ ಅವಳ ತಾಳ, ಎರಡನೆಯ ದಿನ ಮೇಲೇ ಬಂದಳು, ಏನ್ರೀ ಅದು, ಮನೆ ಒಳಗೆ ಏನು ಕುಟ್ತಾ ಇದ್ದೀರಿ, ಕುಣೀತಿದ್ದೆ ಅಂದೆ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಈ ವಯಸ್ಸಿನಲ್ಲಾ ಅಂದಳು. ನಲವತ್ತೊಂದು, ಹೇಳಿಕೊಳ್ಳಲು ನನಗೇನು ನಾಚಿಕೆ, ನಮ್ಮೂರಲ್ಲಿ ತರಕಾರಿಯವನಿಂದ ಹಿಡಿದು ಪೋಸ್ಟ್‌ಮಾಸ್ತರರವರೆಗೆ ಎಲ್ಲರಿಗೂ ನಾನು ಟೀಚರ್, ಇಲ್ಲಿ ಎರಡನೇ ಮಹಡಿಯವರು, ಅಷ್ಟೇ, ಬಾಗಿಲ ಮೇಲಿನ ನಂಬರಿಗಿಂತ ಒಂದಿಷ್ಟೂ ಹೆಚ್ಚಲ್ಲ. ಒಂದು ಶಾಲೆ ಸಿಕ್ಕರೆ ಸಾಕು, ದೊಡ್ಡವರ ತರಗತಿಗೆ ಸೇರಿಸಿಕೊಂಡರೆ ಸಾಕು, ಆಮೇಲೆ ಅವರಿಗೇ ಗೊತ್ತಾಗುತ್ತದೆ, ಇವಳು ಕಲಿಯುವವಳಲ್ಲ ಕಲಿಸುವವಳು ಅಂತ, ಅದೊಂದೇ ಆಸೆಯಿಂದ ಐದು ತಿಂಗಳಿಂದ ಬೀದಿ ಬೀದಿ ಅಲೆಯುತ್ತಿದ್ದೇನೆ, ಮೊದಲನೆಯ ಕಡೆ ಮೇಜಿನ ಹುಡುಗಿ ತಲೆಯೆತ್ತದೆ ಮಗು ಎಲ್ಲಿ ಮೇಡಂ ಅಂದಳು, ಮಗು ಇಲ್ಲ ನಾನೇ ಅಂದೆ, ಆಗ ತಲೆಯೆತ್ತಿದಳು, ಎತ್ತದಿದ್ದರೇ ಚೆನ್ನಾಗಿತ್ತು, ಎರಡನೆಯ ವಿಳಾಸದಲ್ಲಿ ಹಲ್ಲಿನ ಡಾಕ್ಟರು ಕೂತಿದ್ದರು, ನೃತ್ಯಶಾಲೆ ಮುಚ್ಚಿ ಆರು ವರ್ಷ ಆಯ್ತಲ್ಲ, ಬಂದಿದ್ದೀರಿ, ಹಲ್ಲಾದ್ರೂ ತೋರಿಸಿ ಹೋಗಿ ಅಂದರು, ಮೂರನೆಯದು ನೆಲಮಾಳಿಗೆಯಲ್ಲಿ, ಒಬ್ಬ ದಾಂಡಿಗ ಟೇಪು ಹಿಡಿದು ಬಂದು ಮೊದಲು ಸೊಂಟ ಅಳೀಬೇಕು ಅಂದ, ಮೂರು ತಿಂಗಳಲ್ಲಿ ಎಂಟು ಕೆಜಿ ಇಳಿಸ್ತೀವಿ ಗ್ಯಾರಂಟಿ, ಅಯ್ಯಾ ನನಗೆ ಇಳಿಸುವುದು ಬೇಡ, ಕುಣಿಯುವುದು ಬೇಕು, ಎರಡೂ ಒಂದೇ ಮೇಡಂ ಅಂದ, ಮೂರ್ಖ. ಇದು ನಾಲ್ಕನೆಯದು, ಇಲ್ಲಿಯ ಹಿರಿಯ ಟೀಚರ್ ನಿಜವಾದ ಕಲಾವಿದೆ ಅಂತ ಕೇಳಿದ್ದೇನೆ, ಬಾಗಿಲ ಹೊರಗೆ ಸಾಲಾಗಿ ಚಪ್ಪಲಿ, ಒಳಗಿಂದ ಒಟ್ಟಿಗೆ ಬೀಳುವ ಹೆಜ್ಜೆಯ ಸದ್ದು, ನನ್ನ ಚಪ್ಪಲಿಯನ್ನೂ ಸಾಲಿನ ಕೊನೆಗೆ ಬಿಟ್ಟೆ.

ಬನ್ನಿ ಅಮ್ಮ ಅಂದರು ಅವರು, ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ದಾರಕ್ಕೆ ತೂಗುಬಿದ್ದ ಕನ್ನಡಕ, ಮಗು ಎಲ್ಲಿ ಎಂದು ಕೇಳಲಿಲ್ಲ, ಅಷ್ಟಕ್ಕೇ ನಾನು ಸೋತುಹೋದೆ, ಯಾರ ಹತ್ರ ಕಲ್ತಿದ್ದು ಅಂದರು, ನಮ್ಮ ದೊಡ್ಡಮ್ಮನ ಹತ್ರ, ಅಮ್ಮನ ಅಕ್ಕ, ಅವರಿಗೆ ಅವರ ಗುರುಗಳು, ನಮ್ಮದು ಹಳೇ ಪಾಠ ಅಂದೆ, ಹಳೇ ಅನ್ನುವಾಗ ಎದೆ ಸ್ವಲ್ಪ ಮುಂದೆ ಬಂದಿರಬೇಕು, ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ, ಸರಿ ಮಾಡಿ ತೋರಿಸಿ ಅಂದರು, ಗೋಡೆಯುದ್ದಕ್ಕೂ ಕನ್ನಡಿ, ಜೀವಮಾನದಲ್ಲಿ ಕನ್ನಡಿಯೆದುರು ಕುಣಿದವಳಲ್ಲ ನಾನು, ಕನ್ನಡಿ ನೋಡ್ಕೊಂಡು ಕುಣಿದ್ರೆ ಗೊಂಬೆ ಆಗ್ತೀಯ ಕಣೇ ಅನ್ನುತ್ತಿದ್ದರು ದೊಡ್ಡಮ್ಮ, ಕುಣಿದೆ, ಬಲಕ್ಕೆ, ಎಡಕ್ಕೆ, ಸುತ್ತು, ಮಂಡಿ ಸುಮ್ಮನಾಯಿತು, ಐದು ತಿಂಗಳ ತುಕ್ಕೆಲ್ಲ ಉದುರಿದ ಹಾಗಾಯಿತು, ಮುಗಿಸಿ ನಿಂತೆ, ಇನ್ನೊಂದ್ಸಲ ಅಂದರು, ಮೆಚ್ಚಿದ್ದಾರೆ ಅಂದುಕೊಂಡೆ, ಮಂಕು, ಮತ್ತೆ ಕುಣಿದೆ, ಮೂರನೆಯ ಸಲ ಕನ್ನಡಕ ಹಾಕಿಕೊಂಡು ಬಗ್ಗಿ ನನ್ನ ಪಾದವನ್ನೇ ನೋಡಿದರು, ಎಡಗಾಲಿಗೆ ಯಾವಾಗಾದ್ರೂ ಪೆಟ್ಟಾಗಿತ್ತಾ ಅಮ್ಮ? ಇಲ್ಲವಲ್ಲ. ಮತ್ತೆ ಎಡಕ್ಕೆ ಹೋಗುವಾಗ ಮಾತ್ರ ಹೆಜ್ಜೆ ಚಿಕ್ಕದು ಯಾಕೆ? ಓ ಅದಾ, ನಕ್ಕೆ, ಹತ್ತೊಂಬತ್ತು ವರ್ಷ ಹೇಳಿ ಹೇಳಿ ನಾಲಿಗೆಗೆ ಬಾಯಿಪಾಠವಾದ ಮಾತು ತಾನಾಗಿ ಹೊರಬಂತು, ಅದು ನಮ್ಮ ಪಾಠದ ವಿಶೇಷ, ಬಲಕ್ಕೆ ಪೂರ್ತಿ ಹೆಜ್ಜೆ, ಎಡಕ್ಕೆ ಮುಕ್ಕಾಲು, ಎಡ ಅಂದ್ರೆ ಹೃದಯದ ಕಡೆ ನೋಡಿ, ಅಲ್ಲಿ ತಡೆದು ನಡೀಬೇಕು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಹುಡುಗಿಯರು ಕಿಸಕ್ಕೆಂದರು, ಟೀಚರ್ ನಗಲಿಲ್ಲ, ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು, ನೆಲಕ್ಕೆ ಒಂದು ತುಂಡು ಟೇಪು ಅಂಟಿಸಿ ಇಲ್ಲಿಗೆ ಇಡಿ ಕಾಲನ್ನ ಅಂದರು, ಇಟ್ಟೆ, ಒಂದು ಗೇಣು ಈಚೆಗೆ ಬಿತ್ತು, ಮತ್ತೆ ಇಟ್ಟೆ, ಗೇಣು ಈಚೆಗೆ, ಹಲ್ಲು ಕಚ್ಚಿ ಇಟ್ಟೆ, ಕಾಲು ನನ್ನದಲ್ಲ ಎನ್ನುವ ಹಾಗೆ ಅಲ್ಲೇ ನಿಂತಿತು, ಅಲ್ಲೇನಿದೆ ಅಂತ ನಿಲ್ಲಿಸ್ತೀರಿ ಅಮ್ಮ, ಎಷ್ಟು ಮೃದುವಾಗಿ ಕೇಳಿದರು, ಅಲ್ಲೇನಿದೆ, ಅಲ್ಲಿ ಏನಿದೆ — ಮಂಚ.

ಅಜ್ಜಿಯ ಕಬ್ಬಿಣದ ಮಂಚ, ದೇವರೇ, ದೊಡ್ಡಮ್ಮನ ಮನೆಯಲ್ಲಿ ಕಿಟಕಿ ಇದ್ದದ್ದು ಆ ಒಂದೇ ಕೋಣೆಗೆ, ಲಕ್ವ ಹೊಡೆದು ಮಲಗಿದ ಅಜ್ಜಿಗೆ ಗಾಳಿ ಬೇಕು, ಪಾಠಕ್ಕೆ ಬೆಳಕು ಬೇಕು, ಹಾಗಾಗಿ ಎಡಗೋಡೆಗೆ ಮಂಚ, ಉಳಿದದ್ದು ನಮಗೆ, ಅಜ್ಜಿ ಹಾಗೆ ಮಲಗಿದ್ದು ಹನ್ನೊಂದು ವರ್ಷ, ಕಾಲು ತಗುಲಿದರೆ ಅಜ್ಜಿ ಒಂದೇ ಕಡೆಯ ಬಾಯಿಂದ ಕೂಗುತ್ತಿದ್ದಳು, ಒದೀಬೇಡ್ರೇ ಮುಂಡೇವಾ, ನನ್ನ ಜೀವ ಅಲ್ಲಾಡುತ್ತೆ, ಎಡಕ್ಕೆ ಮುಕ್ಕಾಲು ಹಾಕ್ರೇ ಅಜ್ಜಿ ಇದಾರೆ ಅನ್ನುತ್ತಿದ್ದರು ದೊಡ್ಡಮ್ಮ, ಆಮೇಲೆ ಎಡಕ್ಕೆ ಮುಕ್ಕಾಲು ಅಷ್ಟೇ ಅಂದರು, ನನಗೆ ಹದಿಮೂರಾದಾಗ ಅಜ್ಜಿ ಹೋದಳು, ಮಂಚವನ್ನು ಯಾರಿಗೋ ಕೊಟ್ಟರು, ನೆಲದ ಮೇಲೆ ನಾಲ್ಕು ತುಕ್ಕಿನ ಕಲೆ ಉಳಿಯಿತು, ನಾವು ಆ ಕಲೆಯನ್ನೂ ತುಳಿಯದೆ ಕುಣಿದೆವು, ಒಬ್ಬಳಾದರೂ ಕೇಳಬೇಡವೇ, ದೊಡ್ಡಮ್ಮನಾದರೂ ಇನ್ನು ಪೂರ್ತಿ ಹಾಕಿ ಅನ್ನಬೇಡವೇ, ನಾನಾದರೂ — ಗೊತ್ತಿದ್ದವಳು ನಾನು, ಆ ಮಂಚದಡಿ ಕಣ್ಣಾಮುಚ್ಚಾಲೆ ಆಡಿದವಳು, ಗೊತ್ತಿದ್ದೂ ಮರೆತೆ, ಮರೆತು ಅದಕ್ಕೆ ಹೃದಯ ಅಂತ ಹೆಸರಿಟ್ಟೆ, ನಮ್ಮೂರಲ್ಲಿ ನಾನು ಪಾಠ ಮಾಡುತ್ತಿದ್ದ, ಮುಚ್ಚಿದ ಪ್ರೆಸ್ಸಿನ ನಲವತ್ತಡಿ ಹಾಲಿನಲ್ಲಿ, ಎಡಕ್ಕೆ ಒಂದು ಕುರ್ಚಿಯೂ ಇಲ್ಲದ ಕಡೆ, ಅರವತ್ತು ಹುಡುಗಿಯರ ಕಾಲು ಹಿಡಿದು ಹಿಡಿದು ನಿಲ್ಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನೆಯಲ್ಲಿ ಇವರು ಆಗಾಗ ನನ್ನನ್ನು ಛೇಡಿಸುತ್ತಾರೆ, ನಮ್ಮದು ಅದಕ್ಕಿಂತ ಕಡೆ, ನೆಲ ನಿಜವಾಗಿ ಡೊಂಕಿತ್ತು, ನಾವು ಆ ಡೊಂಕನ್ನೇ ಕುಣಿತ ಅಂದೆವು. ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳ ಬ್ಯಾಚ್ ಇದೆ, ಅಲ್ಲಿಂದ ಶುರು ಮಾಡಿದ್ರೆ ಒಂದೆರಡು ವರ್ಷದಲ್ಲಿ ಈ ಅಭ್ಯಾಸ ಬಿಟ್ಟುಹೋಗಬಹುದು, ಬೇಜಾರ್ ಮಾಡ್ಕೋಬೇಡಿ ಅಂದರು ಹಿರಿಯ ಟೀಚರ್, ಇಲ್ಲ ಇಲ್ಲ ಬೇಜಾರೇನು ಅಂದೆ, ಬರ್ತೀನಿ ಅಂದೆ, ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಶಾಲೆಯಿಂದ ಒಂದು ಮಹಡಿ ಕೆಳಗೆ, ಮೆಟ್ಟಿಲ ಮೇಲೆ ಕೂತಿದ್ದೇನೆ, ಇಳಿಯಲು ಮನಸ್ಸಿಲ್ಲ, ಹತ್ತಲು ಮುಖವಿಲ್ಲ, ಕೂತೇ ಎಡಗಾಲು ಚಾಚಿ ನೋಡುತ್ತೇನೆ, ಕೂತಾಗ ಪೂರ್ತಿ ಹೋಗುತ್ತದೆ ಹಾಳಾದ್ದು, ಫೋನು ನಡುಗಿತು, ಮೊಂಡಿ, ನನ್ನ ಮೊದಲ ಶಿಷ್ಯೆ, ಹಟ ನೋಡಿ ನಾನೇ ಇಟ್ಟ ಹೆಸರು, ಈಗ ನನ್ನ ತರಗತಿ ನಡೆಸುತ್ತಿರುವವಳು, ಟೀಚರ್ ನೀವಿಲ್ಲ ಅಂತ ಒಂಚೂರೂ ಬಿಟ್ಟಿಲ್ಲ, ನೀವು ಹೇಳ್ಕೊಟ್ಟ ಹಾಗೇ, ನೋಡಿ ಅಂತ ಬರೆದು ವೀಡಿಯೊ ಕಳಿಸಿದ್ದಾಳೆ, ನೋಡುತ್ತೇನೆ, ಪ್ರೆಸ್ಸಿನ ಹಾಲು, ಹನ್ನೊಂದು ಹುಡುಗಿಯರು, ಎಡಕ್ಕೆ ಅಂದಳು ಮೊಂಡಿ, ಹತ್ತು ಕಾಲು ಒಂದೇ ಕಡೆ ಗಕ್ಕನೆ ನಿಂತವು, ಹತ್ತು ಹುಡುಗಿಯರು ಯಾವತ್ತೂ ಕಾಣದ ಮುದುಕಿಯೊಬ್ಬಳ ಮಂಚ ಕಾಯುತ್ತಿದ್ದಾರೆ, ಕೊನೆಯಲ್ಲಿ ಒಬ್ಬಳು ಹೊಸಬಳು, ಆರೋ ಏಳೋ ವಯಸ್ಸು, ಮುಂದಿನ ಹಲ್ಲಿಲ್ಲ, ಅವಳ ಕಾಲು ನಿಲ್ಲಲಿಲ್ಲ, ಹೋಯಿತು, ಪೂರ್ತಿ ಹೋಗಿ ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು, ಭಲೇ ಮರಿ ಅಂದುಬಿಟ್ಟೆ ಗಟ್ಟಿಯಾಗಿ, ಮೆಟ್ಟಿಲಲ್ಲೆಲ್ಲ ನನ್ನ ದನಿ, ಅಷ್ಟರಲ್ಲಿ ಮೊಂಡಿ ಬಂದು ಕುಕ್ಕರಗಾಲಲ್ಲಿ ಕೂತು ಎರಡು ಬೆರಳಲ್ಲಿ ಆ ಹಿಮ್ಮಡಿ ಹಿಡಿದು ಒಂದು ಗೇಣು ಹಿಂದಕ್ಕೆ ಎಳೆದಳು, ಥೇಟ್ ನಾನು ಎಳೆಯುತ್ತಿದ್ದ ಹಾಗೆ, ಎಡ ಅಂದ್ರೆ ಹೃದಯದ ಕಡೆ ಪುಟ್ಟಾ, ಮಗು ತನ್ನ ಕಾಲು ನೋಡಿತು, ಪಕ್ಕದವಳ ಕಾಲು ನೋಡಿತು, ತಲೆಯಾಡಿಸಿತು. ಬಿಡೇ ಅವಳ ಕಾಲನ್ನ, ಅವಳದೇ ಸರಿ ಕಣೇ ಎಂದು ಬರೆದೆ, ಬರೆದು ನೋಡಿದೆ, ಇದನ್ನು ಕಳಿಸಿದರೆ ಹತ್ತೊಂಬತ್ತು ವರ್ಷ ಏನಾಯಿತು, ಅರವತ್ತು ಹುಡುಗಿಯರ ಮುಂದೆ ನಾನು ಏನಾದೆ, ಈ ಊರಲ್ಲಂತೂ ಯಾರೂ ಅಲ್ಲ, ಆ ಊರಲ್ಲಾದರೂ ಟೀಚರ್ ಆಗಿ ಉಳಿಯಬೇಡವೇ, ಅಳಿಸಿದೆ, ಚೆನ್ನಾಗಿದೆ ಕಣೇ ಎಂದು ಕಳಿಸಿದೆ. ಕ್ಷಣದಲ್ಲಿ ಉತ್ತರ, ಆ ಹೊಸಬಳು ಮಾತ್ರ ಸ್ವಲ್ಪ ಹಟಮಾರಿ ಟೀಚರ್, ತಿದ್ದುತ್ತೀನಿ. ತಿದ್ದುತ್ತಾಳೆ, ಮೊಂಡಿಯಲ್ಲವೇ, ತಿದ್ದೇ ತಿದ್ದುತ್ತಾಳೆ, ವೀಡಿಯೊ ಮತ್ತೆ ಮೊದಲಿಂದ, ಪುಟ್ಟ ಕಾಲು ಹೋಗುತ್ತದೆ, ಪೂರ್ತಿ ಹೋಗುತ್ತದೆ, ಊರುತ್ತದೆ, ಎರಡು ಬೆರಳು ಬರುತ್ತವೆ, ಮತ್ತೆ ಮೊದಲಿಂದ, ಕಾಲು ಹೋಗುತ್ತದೆ, ಊರುತ್ತದೆ, ಎರಡು ಬೆರಳು, ಹಿಮ್ಮಡಿ — ಮತ್ತೆ — ಹಿಮ್ಮಡಿ, ಎರಡು ಬೆರಳು —