ಗುಬ್ಬಿ ಮಿಸ್ ತಗೊಂಡ ಕ್ಲಾಸು

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಬೆಡ್‌ಶೀಟುಗಳಿಗೆ ತೇಪೆ ಹಾಕುವುದು ಗುಬ್ಬಿಯ ಅಮ್ಮನ ಕೆಲಸ. ವಾರವಿಡೀ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದವಳು ಶುಕ್ರವಾರ ಮಧ್ಯಾಹ್ನ ಮಾತ್ರ ಗಳಿಗೆಗೊಮ್ಮೆ ಫೋನು ನೋಡುತ್ತಿದ್ದಳು. ಮಗಳ ಶಾಲೆಯಿಂದ ಸುದ್ದಿ ಬರುವುದು ಆಗಲೇ. ಒಂದನೇ ಕ್ಲಾಸಿನ ಟೀಚರು ಐದಾರು ಫೋಟೊ ಜೊತೆಗೆ, ಆ ವಾರ ಮಕ್ಕಳು ಏನೇನು ಮಾಡಿದರು, ಮನೆಯಲ್ಲಿ ಏನು ಮಾಡಿಸಬಹುದು ಎಂದು ನಾಲ್ಕು ಸಾಲು ಬರೆದು ಎಲ್ಲ ಮನೆಗಳಿಗೂ ಕಳಿಸುತ್ತಿದ್ದರು.

ಫೋಟೊಗಳಲ್ಲಿ ಮಗಳು ಇರುತ್ತಿದ್ದಳು. ಬಣ್ಣ ಹಚ್ಚುತ್ತಾ, ಕಡ್ಡಿ ಜೋಡಿಸುತ್ತಾ. ಮಾತು ಮಾತ್ರ ಇಲ್ಲ. ಸೇರಿ ನಾಲ್ಕು ತಿಂಗಳಾದರೂ ಹುಡುಗಿ ಶಾಲೆಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ನೀರು ಬೇಕೆಂದರೆ ಬಾಟಲಿ ತೋರಿಸುವಳು. ಮನೆಗೆ ಬಂದರೆ ಬಾಯಿ ಮುಚ್ಚಿಸುವುದೇ ಕಷ್ಟ; ಗುಬ್ಬಿ ಎಂದು ಅವಳಪ್ಪ ಹೆಸರಿಟ್ಟಿದ್ದೇ ಆ ಚಿಲಿಪಿಲಿಗೆ.

ಟೀಚರು ಒಮ್ಮೆಯೂ ದೂರು ಹೇಳಿರಲಿಲ್ಲ. ಅಮ್ಮನಿಗೆ ಬೇರೆಯಾಗಿ ಒಂದು ಸಾಲು ಬರೆಯುತ್ತಿದ್ದರು: "ಗುಬ್ಬಿ ಇವತ್ತು ಬೀಜಗಳನ್ನೆಲ್ಲ ಹತ್ತತ್ತರ ಗುಂಪು ಮಾಡಿದಳು. ಒಂದೂ ತಪ್ಪಿಲ್ಲ." ಅಮ್ಮ ಅದನ್ನು ಎರಡೆರಡು ಸಲ ಓದಿ, ಪಕ್ಕದಲ್ಲಿ ಇಸ್ತ್ರಿ ಮಾಡುವ ದೊಡ್ಡಕ್ಕನಿಗೂ ಓದಿ ಹೇಳುತ್ತಿದ್ದಳು.

"ಮಾತು ಎಲ್ಲಿಗೆ ಹೋಗುತ್ತೆ ಬಿಡೇ, ಬರುತ್ತೆ" ಎನ್ನುತ್ತಿದ್ದಳು ದೊಡ್ಡಕ್ಕ.

ಬರುವ ಲಕ್ಷಣವೇ ಕಾಣಲಿಲ್ಲ.

ಆ ಶುಕ್ರವಾರದ ಪಾಠ ತಕ್ಕಡಿಯದು. ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಚೀಲ ಕಟ್ಟಿ, ಯಾವುದು ಭಾರ ಎಂದು ಮಕ್ಕಳು ತೂಗಿ ನೋಡಿದ್ದರು. ಸಂಜೆ ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಟೀಚರ ದನಿ ಕೇಳಿಸಿದ ಹಾಗಾಯಿತು. ಇಣುಕಿದರೆ ಗುಬ್ಬಿ! ಅಲಮಾರಿಯ ಹಿಡಿಗೆ ಹ್ಯಾಂಗರು ನೇತುಹಾಕಿಕೊಂಡು ನಿಂತಿದ್ದಾಳೆ. ನೆಲದ ಮೇಲೆ ವಿದ್ಯಾರ್ಥಿಗಳಂತೆ ಸಾಲಾಗಿ ಎರಡು ದಿಂಬು, ಅವುಗಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ ಅಪ್ಪ. ಊರವರ ನಲ್ಲಿ ರಿಪೇರಿ ಮಾಡಿ ಬಂದವನು ಇನ್ನೂ ಕೈ ಸಹ ತೊಳೆದಿರಲಿಲ್ಲ.

"ಈರುಳ್ಳಿ ಭಾರಾನಾ, ಟೊಮೇಟೊ ಭಾರಾನಾ? ಯಾರು ಹೇಳ್ತೀರಾ?"

"ಟೊಮೇಟೊ, ಮಿಸ್" ಎಂದ ಅಪ್ಪ.

"ಯಾಕೆ?"

"ಕೆಂಪಗಿದೆ ಮಿಸ್."

"ಆಹಾ, ಒಳ್ಳೇ ಪ್ರಯತ್ನ!" ಎಂದು ಟೀಚರ ಹಾಗೆಯೇ ತಲೆ ವಾಲಿಸಿ, ಅವರ ಹಾಗೆಯೇ ಸೂರು ಹಾರಿಹೋಗುವಂತೆ ಒಂದು ಸೀನು ಸೀನಿದಳು. ಅಮ್ಮ ನಗು ತಡೆದುಕೊಂಡು ಬಾಗಿಲ ಮರೆಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದಳು.

ಗುಬ್ಬಿ ಚಿಕ್ಕ ದಿಂಬಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ದನಿ ಇಳಿಯಿತು. "ನೀನು ಹೇಳ್ತೀಯಾ? ಈಗ ಬೇಡ್ವಾ? ಪರವಾಗಿಲ್ಲ ಪುಟ್ಟಾ. ಯಾವಾಗ ಹೇಳ್ಬೇಕು ಅನ್ಸುತ್ತೋ ಆವಾಗ ಹೇಳು. ನಾನು ಕಾಯ್ತೀನಿ."

ಅಮ್ಮ ಫೋನನ್ನು ಇನ್ನಷ್ಟು ಮುಂದಕ್ಕೆ ಚಾಚಿ ಹಿಡಿದಳು. ಮುಚ್ಚಿದ ಕ್ಲಾಸಿನೊಳಗೆ ಟೀಚರು ತನ್ನ ಮಗಳನ್ನು ಹೇಗೆ ಮಾತಾಡಿಸುತ್ತಾರೆ ಎಂಬುದು ಅವಳಿಗೆ ಗೊತ್ತಾದದ್ದು ಹಾಗೆ.

ಊಟವಾದ ಮೇಲೆ ಮಗಳನ್ನೇ ಕೇಳಿದಳು. "ಇದನ್ನ ಮಿಸ್‌ಗೆ ಕಳಿಸ್ಲಾ?"

ಗುಬ್ಬಿ ಬಹಳ ಹೊತ್ತು ಉಗುರು ಕಚ್ಚಿದಳು. "ಮಿಸ್‌ಗೆ ಮಾತ್ರ. ಬೇರೆ ಯಾರಿಗೂ ಬೇಡ."

ಕಳಿಸಿದ ಮೇಲೆ ಅಮ್ಮ ಫೋನು ಕೆಳಗಿಡಲಿಲ್ಲ. "ರೀ, ಸೀನಿದ್ದಕ್ಕೆ ಬೇಜಾರು ಮಾಡ್ಕೊಂಡ್ರೆ?" ಎಂದು ಗಂಡನನ್ನು ಕೇಳುವಷ್ಟರಲ್ಲಿ ಉತ್ತರ ಬಂತು: "ಅಯ್ಯೋ, ನಾನು ಅಷ್ಟು ಜೋರಾಗಿ ಸೀನ್ತೀನಾ?" ಸ್ವಲ್ಪ ಬಿಟ್ಟು ಮತ್ತೊಂದು: "ಸೋಮವಾರ ಬೇರೆ ಮಕ್ಕಳು ಬರೋ ಮುಂಚೆ ಅವಳನ್ನ ಅಪ್ಪನ ಜೊತೆ ಕಳಿಸಿ. ಈರುಳ್ಳಿ ನಾನು ತರ್ತೀನಿ."

ಹಾಗೆ ಮೂರು ವಾರ ಅಪ್ಪ ದಿನಾ ಕೆಲಸಕ್ಕೆ ತಡವಾಗಿ ಹೋದ. ಖಾಲಿ ಕ್ಲಾಸಿನ ಪುಟ್ಟ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು ತಪ್ಪುತಪ್ಪು ಉತ್ತರ ಹೇಳಿದ. ಗುಬ್ಬಿ ಮೊದಲು ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು. ಆಮೇಲೆ ಪಿಸುಮಾತು ಬಿಟ್ಟು ಗಟ್ಟಿಯಾಗಿಯೇ ಅಪ್ಪನನ್ನು ಗದರಿದಳು, ಪಕ್ಕದಲ್ಲೇ ಟೀಚರು ಇದ್ದಾಗ. ಇನ್ನೊಂದು ದಿನ ಪಕ್ಕದ ಬೆಂಚಿನ ಎರಡು ಜಡೆಯ ಹುಡುಗಿ ಬೇಗ ಬಂದಳು, ಅವಳೂ ವಿದ್ಯಾರ್ಥಿಯಾದಳು.

ನಾಲ್ಕನೆಯ ಶುಕ್ರವಾರ ಫೋಟೊಗಳ ಕೆಳಗೆ ಒಂದು ಧ್ವನಿ ಸಂದೇಶವಿತ್ತು. ಅಮ್ಮ ಒತ್ತಿದಳು. ಮಕ್ಕಳ ಗದ್ದಲ, ಅದರ ನಡುವೆ ಸಣ್ಣದಾದರೂ ಸ್ಪಷ್ಟವಾದ ದನಿ: "ಕಲ್ಲು ಭಾರ. ಹತ್ತಿ ಹಗುರ. ಬೇಕಾದ್ರೆ ನೋಡಿ!"

ಮಿಷನ್ನು ನಿಂತುಹೋಯಿತು. ದೊಡ್ಡಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಓಡಿಬಂದಳು. "ಇದು ನಮ್ಮ ಗುಬ್ಬೀನೇ? ಇನ್ನೊಂದ್ಸಲ ಹಾಕೇ!" ಇಬ್ಬರೂ ಕೇಳಿದರು, ಕಣ್ಣೊರೆಸಿಕೊಂಡರು, ಮತ್ತೆ ಕೇಳಿದರು.

ಅವತ್ತು ಅಮ್ಮ ಒಂದು ಗಂಟೆ ಮುಂಚೆಯೇ ಹೊರಡಲು ಅನುಮತಿ ಕೇಳಿ ನೇರ ಶಾಲೆಗೆ ನಡೆದಳು. ಟೀಚರು ಕಟ್ಟಡದ ಹಿಂದಿನ ನಲ್ಲಿಯ ಬಳಿ ಬಣ್ಣದ ಬಟ್ಟಲು ತೊಳೆಯುತ್ತಿದ್ದರು.

"ಮೇಡಂ, ನಾನೂ ಚಿಕ್ಕವಳಿದ್ದಾಗ ಹೀಗೇ ಇದ್ದೆ. ಮೂಗಿ ಅಂತ ಕರೆದು ಹಿಂದಿನ ಬೆಂಚಿಗೆ ಹಾಕಿದ್ರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ. ನನ್ನ ಮಗಳಿಗೆ ನೀವು ಆ ಹೆಸರು ಇಡ್ಲಿಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಟೀಚರು ನಲ್ಲಿ ನಿಲ್ಲಿಸಿದರು. "ನಾನು ಮಾಡ್ತಿರೋದು ಸರಿನಾ ತಪ್ಪಾ ಅಂತ ದಿನಾ ಅನುಮಾನ ಇತ್ತು ನಂಗೆ. ನೀವು ಆ ರೆಕಾರ್ಡಿಂಗ್ ಕಳಿಸದೇ ಇದ್ದಿದ್ರೆ ಇವತ್ತಿಗೂ ಗೊತ್ತಾಗ್ತಿರ್ಲಿಲ್ಲ. ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

ಅಂಗಳದಿಂದ ಗುಬ್ಬಿಯ ಕೂಗು ಬಂತು. "ಅಮ್ಮಾ, ಈಗ್ಲೇ ಮನೆಗೆ ಬೇಡ! ನಮ್ಮಾಟ ಮುಗಿದಿಲ್ಲ!"

ಅಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟು, ಬಟ್ಟೆಯ ತೋಳು ಮೇಲಕ್ಕೆ ಮಡಿಸಿ, ಉಳಿದ ಬಟ್ಟಲುಗಳನ್ನು ತನ್ನತ್ತ ಎಳೆದುಕೊಂಡಳು.