ಒಂದನೇ ನಂಬರು

ಬೀಗ ಬಾಯಿ ತೆರೆದುಕೊಂಡು ತೂಗುತ್ತಿದೆ, ವೇದಿಕೆಯ ಕುರ್ಚಿಯಿಂದ ಭುವನೇಶ್ವರಿಗೆ ನೇರವಾಗಿ ಕಾಣುತ್ತದೆ, ಶಾಮಿಯಾನದಾಚೆ ಬೇವಿನ ಮರದ ಮಗ್ಗುಲಿಗೆ ಆ ಪುಟ್ಟ ಕೋಣೆ, ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ ವಿದ್ಯಾರ್ಥಿನಿಯರ ಶೌಚಾಲಯ, ಅವಳು ಎಂಟನೇ ಇಯತ್ತೆಗೆ ಬಂದ ವರ್ಷ ಕಟ್ಟಿದ್ದು, ಅಂದಿನಿಂದ ಜಡಿದೇ ಇದ್ದದ್ದು — ಇವತ್ತು ಸಿಂದಗಿಯಿಂದ ಬಂದ ಅತಿಥಿಗಳ ಜೊತೆ ಅವರ ಹೆಂಡತಿಯೂ ಬಂದಿದ್ದಾರೆ, ಅದಕ್ಕೇ ಮುಂಜಾನೆ ಶಾಲೆಯ ಸಿಪಾಯಿ ಫಕೀರಸಾಬ ಒಳಗಿನ ಸುಣ್ಣದ ಚೀಲ, ಮುರುಕು ಬೆಂಚು ಹೊರಗೆಳೆದು, ಎರಡು ಬಕೆಟ್ ನೀರು, ಒಂದು ಹೊಸ ಸಾಬೂನು ಇಟ್ಟ, ಅರ್ಧ ತಾಸಿನ ಕೆಲಸ, ಮೂರು ವರ್ಷದಲ್ಲಿ ಆ ಅರ್ಧ ತಾಸು ಯಾರಿಗೂ ಸಿಗಲಿಲ್ಲ. ಕೊರಳಲ್ಲಿ ಹಾರ ಚುಚ್ಚುತ್ತದೆ, ಬಾಯಿ ಒಣಗಿದೆ, ಎದುರಿಗೆ ನೀರಿನ ಗ್ಲಾಸು, ಕೈ ಹೋಗುವುದಿಲ್ಲ, ಕೈಗೂ ರೂಢಿಯಾಗಿದೆ — ನೀರ ಕುಡಿಬ್ಯಾಡ ಯವ್ವಾ, ಸಾಲ್ಯಾಗ ಎಲ್ಲಿ ಹೋಗಾಕಿ, ದಿನಾ ಅವ್ವನ ಅದೇ ಮಾತು, ರೊಟ್ಟಿ ತಿಂದು ಒಂದು ಗುಟುಕು ಬಾಯಿ ಮುಕ್ಕಳಿಸಿ ಉಗುಳಿ ಬಂದರೆ ಸಂಜೆ ಐದರ ತನಕ ಅಷ್ಟೇ, ಹುಡುಗರಿಗೆ ಊರ ತುಂಬ ಗೋಡೆ. ಹೆಡ್‌ಮಾಸ್ತರು ಶಂಕ್ರೆಪ್ಪನವರು ಮೈಕಿನಲ್ಲಿ ಏರುತ್ತಿದ್ದಾರೆ, ಹತ್ತನೇ ಪರೀಕ್ಷಾದಾಗ ತಾಲೂಕಿಗೇ ಒಂದನೇ ನಂಬರ್ ಬಂದಾಳ್ರಿ ನಮ್ಮ ಹುಡುಗಿ, ಮೂರು ವರ್ಷ ಕುಂತ ಬೆಂಚ ಬಿಟ್ಟು ಎದ್ದಿಲ್ರಿ, ತಾಳ್ಮಿ ಅಂದ್ರ ಇದ್ರಿ — ಚಪ್ಪಾಳೆ, ತಾಳ್ಮೆಯಂತೆ, ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿಕೊಂಡು ಪೈಥಾಗೊರಸ್ ಕಲಿತದ್ದಕ್ಕೆ ಇವರಿಟ್ಟ ಹೆಸರು.

ಒಂದನೇ ನಂಬರು ಅವಳದಲ್ಲ, ಅಬಿದಾಳದು, ಬಳೆಗಾರ ಮಲಿಕಸಾಬನ ಮಗಳು, ಅದೇ ಬೆಂಚು, ಎಂಟರಲ್ಲೂ ಒಂಬತ್ತರಲ್ಲೂ ಅವಳೇ ಮೊದಲು, ಏ ಎರಡನೇ ನಂಬರಿನಾಕಿ, ಈ ಸಲಾನೂ ನನ್ನ ಬೆನ್ನ ನೋಡಕೋತ ಬಾ, ಎಂದು ಜಡೆ ಎಳೆಯುತ್ತಿದ್ದಳು. ಹತ್ತನೇ ಇಯತ್ತೆಯ ಚಳಿಗಾಲ, ಅಬಿದಾಗೆ ಜ್ವರ, ನೀರು ಹೆಚ್ಚು ಕುಡಿಯಬೇಕೆಂದಿದ್ದರು ಡಾಕ್ಟರು, ಕುಡಿದಳು, ಅದೊಂದೇ ಅವಳ ತಪ್ಪು, ಗಣಿತದ ತಾಸಿನಲ್ಲಿ ಕಿರುಬೆರಳು ಎತ್ತಿ ನಿಂತಳು, ಸರ್, ಒಂದಕ್ಕ ಹೋಗಿ ಬರ್ತೇನ್ರಿ, ಇದೇ ಶಂಕ್ರೆಪ್ಪನವರು ಬೋರ್ಡಿನಿಂದ ಮುಖ ತಿರುಗಿಸದೆ ತಡ್ಕೊ, ಗಂಟಿ ಹೊಡೀಲಿ ಎಂದರು, ಅಬಿದಾ ಕೂತಳು, ಮತ್ತೆ ಎದ್ದು ಕಿರುಬೆರಳು ಎತ್ತಿದಳು, ತಡ್ಕೊ ಅಂದ್ನಿಲ್ಲ? — ಆಮೇಲೆ ಬೆಂಚು ಬೆಚ್ಚಗಾಯಿತು, ನೆಲಕ್ಕೆ ಇಳಿಯಿತು, ಹಿಂದಿನಿಂದ ಯಾರೋ ಏ, ಕೆರಿ ಒಡೀತಲೇ, ಇಡೀ ವರ್ಗ ನಕ್ಕಿತು, ಭುವನೇಶ್ವರಿ ನಗಲಿಲ್ಲ, ಆದರೆ ತನ್ನ ಚೀಲ ಮೇಲೆತ್ತಿಕೊಂಡು ಒಂದು ಮೊಳ ಸರಿದು ಕೂತಳು, ಅಬಿದಾ ಆ ಒಂದು ಮೊಳವನ್ನು ನೋಡಿದಳು. ಮರುದಿನ ಹಾಜರಿಯಲ್ಲಿ ಅಬಿದಾ ಮಲಿಕಸಾಬ, ಉತ್ತರವಿಲ್ಲ, ತಿಂಗಳೊಪ್ಪತ್ತಿನಲ್ಲಿ ಹೆಸರಿನ ಮೇಲೆ ಕೆಂಪು ಗೆರೆ, ಯುಗಾದಿಯಷ್ಟೊತ್ತಿಗೆ ತಾಳಿಕೋಟೆಯ ಗಂಡು ಗೊತ್ತಾಯಿತು, ಆಕೀಗೆ ಓದೂ ಹಣಿಬರಾ ಇರಲಿಲ್ಲ ಬಿಡು ಎಂದರು ಜನ, ಹಣೆಬರಹವಂತೆ, ಅದರ ಕೀಲಿಕೈ ಹೆಡ್‌ಮಾಸ್ತರರ ಮೇಜಿನ ಡ್ರಾದಲ್ಲಿತ್ತು.

ಬಾರವಾ, ಎರಡು ಮಾತು ಹೇಳು, ಹೆಡ್‌ಮಾಸ್ತರು ಕರೆದರು — ಭುವನೇಶ್ವರಿ ಎದ್ದಳು, ಕೈಯಲ್ಲಿ ಕನ್ನಡದ ಗುರಪ್ಪ ಮಾಸ್ತರರು ಬರೆದುಕೊಟ್ಟ ಹಾಳೆ, ನನ್ನ ಹೈಸ್ಕೂಲಿನ ಬಂಗಾರದ ದಿನಗಳು, ಓದಿ ಮುಗಿಸಿದರೆ ಸರ್ಟಿಫಿಕೇಟು ಕೈಗೆ, ಕಾರ್ಯಕ್ರಮ ಮುಗೀಲಿ ಕೊಡ್ತೇನಿ ಎಂದಿದ್ದಾರೆ ಹೆಡ್‌ಮಾಸ್ತರು, ಅದಿಲ್ಲದೆ ಕಾಲೇಜಿಲ್ಲ, ಓದಿಬಿಡು, ಎರಡು ನಿಮಿಷ, ಇಷ್ಟು ತಡೆದವಳಿಗೆ ಇನ್ನೆರಡು ನಿಮಿಷವೇ, ಮೈಕು ಕುಂಯ್ ಎನ್ನುತ್ತದೆ, ಹೆಂಗಸರ ಕೊನೆಯ ಸಾಲಿನಲ್ಲಿ ಮೊಣಕೈ ತನಕ ಹಸಿರು ಬಳೆ — ಅಬಿದಾ, ಬಂದಿದ್ದಾಳೆ, ನಗುತ್ತಿದ್ದಾಳೆ, ನೀನೀಗ ಒಂದನೇ ನಂಬರು ಎಂಬಂತೆ ಒಂದು ಬೆರಳು ಎತ್ತುತ್ತಾಳೆ, ಕಿರುಬೆರಳು, ಅದೇ ಬೆರಳು, ಹಾಸ್ಯಕ್ಕೋ, ಇನ್ನೂ ಅಪ್ಪಣೆ ಕೇಳುತ್ತಿದ್ದಾಳೋ, ಓದವಾ, ಓದು, ಬೆನ್ನ ಹಿಂದೆ ಶಂಕ್ರೆಪ್ಪನವರ ಪಿಸುಮಾತು, ಅಕ್ಷರಗಳು ಕಲಸಿಕೊಳ್ಳುತ್ತವೆ, ಹಾಳೆ ಮಡಚಿಕೊಳ್ಳುತ್ತದೆ, ಅವಳು ಹೆಡ್‌ಮಾಸ್ತರರ ಕಡೆ ತಿರುಗುತ್ತಾಳೆ, ಕೈ ತಾನಾಗಿ ಏಳುತ್ತದೆ, ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಅವಳದೇ ದನಿ, ಸರ್, ಒಂದಕ್ಕ ಹೋಗಿ ಬರ್ತೇನ್ರಿ — ಯಾರೂ ನಗಲಿಲ್ಲ, ಅವರು ತಡ್ಕೊ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ, ಅಲ್ಲೊಂದು ಕಿರುಬೆರಳು, ಇಲ್ಲೊಂದು ಕಿರುಬೆರಳು, ನಿಂತಿವೆ.